ಲಾರೆನ್ಸನ ಬುಟ್ಟಿಗೆ ಐದು ಕಣಗಿಲೆ

ನನಗೆ ಆ ಪಾತ್ರ ಸಿಕ್ಕಿದ್ದು ನಟನೆ ಬರುತ್ತದೆ ಎಂದಲ್ಲ, ಗಿಡ ಗುರುತಿಸಲು ಬರುತ್ತದೆ ಎಂದು. ಬಳ್ಳಾರಿಯ ನಮ್ಮ ಹವ್ಯಾಸಿ ತಂಡ ‘ರೋಮಿಯೋ ಮತ್ತು ಜೂಲಿಯೆಟ್’ ಆಡುವುದೆಂದು ತೀರ್ಮಾನವಾದ ಮರುದಿನ ನಿರ್ದೇಶಕರು ಮನೆಗೆ ಬಂದರು. ಅರ್ಧ ಲೋಟ ಚಹಾ ಮುಗಿಸಿ, “ಸರ್, ಒಬ್ಬ ವಯಸ್ಸಾದ ಸನ್ಯಾಸಿ ಬೆಳಗಿನ ಜಾವ ಬುಟ್ಟಿ ಹಿಡಿದುಕೊಂಡು ಸೊಪ್ಪುಸದೆ ಕೀಳುತ್ತ ತನ್ನಷ್ಟಕ್ಕೆ ಮಾತನಾಡಿಕೊಳ್ಳುತ್ತಾನೆ. ನೀವು ಮೂವತ್ತು ವರ್ಷದಿಂದ ಮಾಡುತ್ತಿರುವುದು ಇದನ್ನೇ. ನಟಿಸುವ ಗೋಜೇ ಇಲ್ಲ” ಎಂದರು. ಪದವಿಪೂರ್ವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕಿರಲಿಲ್ಲ. ಒಪ್ಪಿಕೊಂಡೆ. ಅಂದಿನಿಂದ ತಂಡದ ಹುಡುಗರು ನನ್ನನ್ನು ‘ಅಜ್ಜನವರು’ ಎನ್ನತೊಡಗಿದರು. ನಮ್ಮ ಕಡೆ ಮಠದ ಸ್ವಾಮಿಗಳನ್ನು ಕರೆಯುವುದೇ ಹಾಗೆ. ಫ್ರಯರ್ ಲಾರೆನ್ಸ್ ಎಂಬ ಇಟಲಿಯ ಫ್ರಾನ್ಸಿಸ್ಕನ್ ಸನ್ಯಾಸಿ ಒಂದೇ ಸಂಜೆಯಲ್ಲಿ ಬಳ್ಳಾರಿಯ ಅಜ್ಜನಾದ.

ತಕರಾರು ಶುರುವಾದದ್ದು ಬುಟ್ಟಿಯಿಂದ. ರಂಗಪರಿಕರ ನೋಡಿಕೊಳ್ಳುವ ಹುಡುಗ ಅದಕ್ಕೆ ಒಂದು ಕಟ್ಟು ಕೊತ್ತಂಬರಿ, ಒಂದಿಷ್ಟು ಪ್ಲಾಸ್ಟಿಕ್ ಹೂವು ತುಂಬಿ ತಂದಿದ್ದ. ಹಿಂದಿನ ಸಾಲಿನವರಿಗೆ ಎಲ್ಲವೂ ಹಸಿರೇ ಎನ್ನುವುದು ಅವನ ವಾದ. ವಾದ ಸರಿಯಾದದ್ದೇ. ಆದರೆ ವಿಷವೂ ಔಷಧವೂ ಒಂದೇ ಹೂವಿನೊಳಗೆ ಮನೆಮಾಡಿವೆ ಎಂದು ಕೊತ್ತಂಬರಿ ಹಿಡಿದುಕೊಂಡು ಹೇಳುವುದು ನನ್ನಿಂದಾಗದ ಕೆಲಸ. ಬುಟ್ಟಿ ನನ್ನ ಜವಾಬ್ದಾರಿ ಎಂದು ಹೇಳಿ ಮನೆಗೆ ತಂದೆ.

ಅದನ್ನು ತುಂಬಲು ಒಂದು ಭಾನುವಾರ ಅಲ್ಲೀಪುರದ ಕಡೆಗೆ, ಎಲ್ಲರೂ ಎಚ್‌ಎಲ್‌ಸಿ ಎನ್ನುವ ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ದಂಡೆಗುಂಟ ನಡೆದೆ. ನಾಟಕದ ಪ್ರತಿ ಅಂಗಿಯ ಜೇಬಿನಲ್ಲಿತ್ತು. ಲಾರೆನ್ಸ್ ಮೊದಲ ಸಲ ರಂಗಕ್ಕೆ ಬರುವುದು ಮಹಡಿಯ ಪ್ರೇಮಸಂಭಾಷಣೆ ಮುಗಿದ ಮರುಬೆಳಗ್ಗೆ. ಬಿಸಿಲೇರಿ ಇಬ್ಬನಿ ಆರುವ ಮೊದಲು ಬುಟ್ಟಿ ತುಂಬಬೇಕು ಎನ್ನುತ್ತಾನೆ. ಇಬ್ಬನಿಯ ಮಾತು ಬಳ್ಳಾರಿಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ತಿಂಗಳು ನಡೆಯುತ್ತದೆ. ಉಳಿದ ಕಾಲದಲ್ಲಿ ಏಳು ಗಂಟೆಗೇ ಏಕಶಿಲೆಯ ಗುಡ್ಡ ಕಾದ ಹೆಂಚಿನಂತೆ ಮುಖಕ್ಕೆ ಹೊಡೆಯುತ್ತದೆ. ಆದರೂ ಅವನ ಮಾತಿನ ಧಾಟಿ ನನಗೆ ಪರಿಚಿತವೆನಿಸಿತು. ಭೂಮಿ ತಾಯಿಯೂ ಹೌದು, ಸಮಾಧಿಯೂ ಹೌದು. ಭೂಮಿಗೆ ಏನನ್ನೂ ಕೊಡದಷ್ಟು ಕೆಟ್ಟದ್ದು ಯಾವುದೂ ಇಲ್ಲ, ತಪ್ಪು ಬಳಕೆಗೆ ಎಳೆದರೆ ಕೆಡದಷ್ಟು ಒಳ್ಳೆಯದೂ ಇಲ್ಲ ಎನ್ನುತ್ತಾನೆ. ನಾವು ‘ಅತಿಯಾದರೆ ಅಮೃತವೂ ವಿಷ’ ಎಂದು ಮೂರು ಪದದಲ್ಲಿ ಮುಗಿಸುವುದನ್ನು ಅವನು ಒಂದು ಪುಟ ಹೇಳುತ್ತಾನೆ. ಮೇಷ್ಟರ ಜಾತಿಯೇ ಅಂಥದ್ದು.

ದಂಡೆಯ ಮೇಲೆ ತುಂಬೆ ಸಿಕ್ಕಿತು. ಎಕ್ಕ ಸಿಕ್ಕಿತು. ಉಮ್ಮತ್ತಿಯ ಮುಳ್ಳುಕಾಯಿ ಸಿಕ್ಕಿತು; ಶಿವರಾತ್ರಿಯಲ್ಲಿ ಶಿವನಿಗೇರುವ, ಬೀಜ ಹೊಟ್ಟೆಗೆ ಹೋದರೆ ಮತಿಗೆಡಿಸುವ ಅದೇ ಉಮ್ಮತ್ತಿ. ಸತ್ತಂತೆ ತೋರಲೆಂದು ಲಾರೆನ್ಸ್ ಕೊಟ್ಟ ಔಷಧದ ಪಾನೀಯ ಕುಡಿಯುವ ಮುನ್ನ ಜೂಲಿಯೆಟ್, ನೆಲದಿಂದ ಕಿತ್ತಾಗ ಚೀರುವ ಮ್ಯಾಂಡ್ರೇಕ್ ಬೇರನ್ನು ನೆನೆದು ನಡುಗುತ್ತಾಳೆ. ಆ ಮ್ಯಾಂಡ್ರೇಕೂ ನಮ್ಮ ಉಮ್ಮತ್ತಿಯೂ ಒಂದೇ ಕುಟುಂಬದವು. ನಮ್ಮ ಬದನೆ, ಟೊಮೆಟೊ, ಮೆಣಸಿನಕಾಯಿಗಳೂ ಆ ಕುಟುಂಬದ ಮರ್ಯಾದಸ್ಥ ಸದಸ್ಯರೇ. ಇದೇ ಕುಟುಂಬದ ಗಿಡಗಳಿಂದ ದೊರೆತ ಆಟ್ರೊಪಿನ್ ಎಂಬುದು ತಾನೇ ವಿಷ. ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಕೀಟನಾಶಕ ಸಿಂಪಡಿಸುವಾಗ ವಿಷವೇರಿ ಬಿದ್ದ ರೈತನಿಗೆ ಆಸ್ಪತ್ರೆಯಲ್ಲಿ ಚುಚ್ಚುವುದೂ ಅದನ್ನೇ. ಲಾರೆನ್ಸನ ಇಡೀ ಭಾಷಣದ ಅರ್ಥ ನಮ್ಮ ಕಡೆಯ ಆಸ್ಪತ್ರೆಯ ಔಷಧ ಕಪಾಟಿನಲ್ಲಿ ಒಂದು ಸಣ್ಣ ಗಾಜಿನ ಬುರುಡೆಯೊಳಗೆ ಕೂತಿದೆ.

ಆ ಭಾಷಣದ ನಡುವೆ ಅವನು ಕೈಯಲ್ಲೊಂದು ಹೂವು ಹಿಡಿದಿರುತ್ತಾನೆ. ಮೂಸಿದರೆ ಮೈಯೆಲ್ಲ ಉಲ್ಲಾಸ, ತಿಂದರೆ ಹೃದಯದ ಸಮೇತ ಎಲ್ಲ ಇಂದ್ರಿಯಗಳೂ ಸ್ತಬ್ಧ. ಹೂವಿನ ಹೆಸರನ್ನು ಕವಿ ಹೇಳುವುದಿಲ್ಲ. ನನಗೆ ಯೋಚಿಸಬೇಕಾಗಲಿಲ್ಲ, ಅದು ಕಣಗಿಲೆಯೇ. ಪರಿಮಳವಿದೆ, ಅದರ ಎಲೆ, ಹೂವು, ತೊಗಟೆ, ಹಾಲು ಎಲ್ಲದರಲ್ಲೂ ಹೃದಯದ ಬಡಿತವನ್ನೇ ಹಿಡಿದು ನಿಲ್ಲಿಸುವ ವಿಷವಿದೆ. ದನ ಮೇಯುವುದಿಲ್ಲ, ನೀರು ಬೇಡುವುದಿಲ್ಲ ಎಂದು ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ ಸಾಲಾಗಿ ನೆಡುತ್ತಾರೆ. ಮನೆಯಂಗಳದಲ್ಲಿ ದೇವರ ಪೂಜೆಗೆಂದು ಬೆಳೆಸುತ್ತಾರೆ. ಶೇಕ್ಸ್‌ಪಿಯರನ ಮನಸ್ಸಿನಲ್ಲಿ ಇದ್ದುದು ಬೇರೆ ಯಾವುದೋ ಇರಬಹುದು. ಬಳ್ಳಾರಿಯ ಲಾರೆನ್ಸನ ಕೈಗೆ ಕಣಗಿಲೆ. ಪ್ರದರ್ಶನದ ದಿನಕ್ಕೆ ಐದು ಕೊಂಬೆ ಎಂದು ಲೆಕ್ಕ ಬರೆದುಕೊಂಡೆ.

ಗಿಡಗಳ ವಿಷಯದಲ್ಲಿ ನಮ್ಮ ಕನ್ನಡ ಪ್ರತಿಯಲ್ಲಿ ನಗೆಪಾಟಲಿನ ತಪ್ಪುಗಳಿದ್ದವು. ಅನುವಾದ ಮಾಡಿದ್ದು ತಂಡದವರೇ, ತಲಾ ಒಂದು ಅಂಕ ಹಂಚಿಕೊಂಡು. ಮೊದಲ ಅಂಕದಲ್ಲಿ ಬೆನ್ವೋಲಿಯೋ ಪ್ರೇಮರೋಗಕ್ಕೆ ಹೊಸ ಪ್ರೇಮವೇ ಮದ್ದು ಎಂದು ಉಪದೇಶ ಮಾಡಿದಾಗ, ರೋಮಿಯೋ ವ್ಯಂಗ್ಯವಾಗಿ, ಅದಕ್ಕೆ ನಿನ್ನ ‘ಪ್ಲಾಂಟೇನ್’ ಎಲೆ ಒಳ್ಳೆಯದು ಎನ್ನುತ್ತಾನೆ. ಯಾವುದಕ್ಕೆ ಎಂದು ಕೇಳಿದರೆ, ಮುರಿದ ನಿನ್ನ ಕಣಕಾಲಿಗೆ ಎಂಬ ಉತ್ತರ. ನಮ್ಮ ಹುಡುಗ ಅದನ್ನು ಸಲೀಸಾಗಿ ‘ಬಾಳೆ ಎಲೆ’ ಎಂದು ಬರೆದಿದ್ದ. ತಾಲೀಮಿನಲ್ಲಿ ರೋಮಿಯೋ “ಅದಕ್ಕೆ ಬಾಳೆ ಎಲೆ ಒಳ್ಳೆಯದು” ಎಂದಾಗ ಟಿಬಾಲ್ಟ್ ಪಾತ್ರದವನು ಮೂಲೆಯಿಂದ “ಊಟಕ್ಕೆ ಕರೆಯುತ್ತಿದ್ದಾನೆ!” ಎಂದು ಕೂಗಿದ. ಮೂಲದಲ್ಲಿರುವುದು ಬಾಳೆಯಲ್ಲ, ಯುರೋಪಿನ ದಾರಿಬದಿಯಲ್ಲಿ ನೆಲಕ್ಕಂಟಿ ಬೆಳೆಯುವ ಅಗಲ ಎಲೆಯ ಕಳೆ. ತರಚಿದ ಗಾಯಕ್ಕೆ ಅರೆದು ಹಚ್ಚುತ್ತಿದ್ದರು. ನಮ್ಮಲ್ಲಿ ಆ ಜಾಗ ಯಾರದು? ಮೊಣಕಾಲು ಕೆತ್ತಿಕೊಂಡ ಹುಡುಗ ಬಯಲಲ್ಲಿ ಕೈಗೆ ಸಿಕ್ಕಿದ್ದನ್ನು ಹಿಂಡುತ್ತಾನಲ್ಲ, ಆ ಗಬ್ಬು ಸೊಪ್ಪು. ‘ಗಾಯದ ಸೊಪ್ಪು’ ಎಂದು ತಿದ್ದಿದೆ. ಹಾಸ್ಯ ತುಸು ಕಡಿಮೆಯಾಯಿತು ಎಂದು ಹುಡುಗರಿಗೆ ಬೇಸರ.

ರೋಸ್ಮರಿಯದು ಇನ್ನೊಂದು ಪೇಚು. ಆ ಕಾಲದ ಇಂಗ್ಲೆಂಡಿನಲ್ಲಿ ಮದುವೆಗೂ ಅದೇ, ಶವಕ್ಕೂ ಅದೇ. ಜೂಲಿಯೆಟ್ ಸತ್ತಳೆಂದು ನಂಬಿದ ಮನೆಯಲ್ಲಿ ಲಾರೆನ್ಸ್ ‘ನಿಮ್ಮ ರೋಸ್ಮರಿಯನ್ನು ಈ ಶವದ ಮೇಲಿಡಿ’ ಎನ್ನುವಾಗ, ಅದು ಮದುವೆಗೆ ತಂದು ಇಟ್ಟದ್ದೂ ಆಗಿರಬಹುದು ಎಂಬ ಕ್ರೌರ್ಯ ಮಾತಿನ ಕೆಳಗೆ ಹರಿಯುತ್ತದೆ. ಈಗ ನಮ್ಮ ಹುಡುಗಿಯರಿಗೆ ರೋಸ್ಮರಿ ಎಂದರೆ ಕೂದಲು ಬೆಳೆಯಲು ಬಾಟಲಿಯಲ್ಲಿ ಬರುವ ನೀರು. ಆದ್ದರಿಂದ ಸೇವಂತಿಗೆ ಎಂದು ಮಾಡಿಕೊಂಡೆವು. ಹೂವಿನ ಅಂಗಡಿಯಲ್ಲಿ ಮದುವೆಯ ಹಾರವನ್ನೂ ಹೆಣದ ಹಾರವನ್ನೂ ಒಂದೇ ಬುಟ್ಟಿಯ ಸೇವಂತಿಗೆಯಿಂದ ಒಂದೇ ಕೈ ಕಟ್ಟುವುದನ್ನು ನೋಡಿದವರಿಗೆ ವಿವರಣೆ ಬೇಡ.

ಅನುವಾದವೇ ಬೇಕಾಗದೆ ನೇರವಾಗಿ ಒಳಗೆ ಬಂದದ್ದು ದಾದಿಯ ಮಾತು. ಜೂಲಿಯೆಟ್‌ಳ ಎದೆಹಾಲು ಬಿಡಿಸಿದ ಕಥೆಯನ್ನು ಆಕೆ ಹೇಳುತ್ತಾಳೆ. ಭೂಕಂಪವಾಗಿ ಹನ್ನೊಂದು ವರ್ಷ, ಅದೇ ದಿನ ಪಾರಿವಾಳದ ಗೂಡಿನ ಗೋಡೆಗೆ ಒರಗಿ ಬಿಸಿಲಲ್ಲಿ ಕೂತಿದ್ದೆ, ಮೊಲೆತೊಟ್ಟಿಗೆ ವರ್ಮ್‌ವುಡ್ ಹಚ್ಚಿಕೊಂಡಿದ್ದೆ, ಮಗು ಬಾಯಿಟ್ಟು ಕಹಿಗೆ ಸಿಡಿಮಿಡಿಗೊಂಡು ಎದೆಯ ಮೇಲೆಯೇ ಮುನಿಸಿಕೊಂಡಿತು ಎಂದು. ದಾದಿಯ ಪಾತ್ರ ಮಾಡುತ್ತಿದ್ದ ಹೆಣ್ಣುಮಗಳು ಸಿರುಗುಪ್ಪದ ಕಡೆಯವರು. ಓದುತ್ತಿದ್ದಂತೆ ತಲೆಯೆತ್ತಿ, “ಬೇವು ಅಲ್ಲವೇ ಸರ್? ನಮ್ಮ ತಾಯಿ ನಮಗೆಲ್ಲ ಅರೆದು ಹಚ್ಚಿದ್ದು ಬೇವಿನ ಎಲೆಯನ್ನೇ” ಎಂದರು. ಬೇವು ಎಂದೇ ಇಟ್ಟೆವು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ವರ್ಮ್‌ವುಡ್ಡಿನ ಹತ್ತಿರದ ನೆಂಟ ನಮ್ಮ ದವನ. ಎರಡೂ ಒಂದೇ ಜಾತಿಯವು. ಆದರೆ ತಾಯಂದಿರ ಲೆಕ್ಕ ಬೇರೆ.

ಈ ಬೇವು ನನ್ನನ್ನು ಬಹಳ ದಿನ ಕಾಡಿತು. ಜೂಲಿಯೆಟ್ ಎಂಬ ಮಗು ನಮಗೆ ಪರಿಚಯವಾಗುವುದೇ ದೊಡ್ಡವರೊಬ್ಬರು ಅವಳ ಒಳ್ಳೆಯದಕ್ಕೆಂದು ಗಿಡದ ಕಹಿಯನ್ನು ಅವಳ ಬಾಯಿಗೆ ಒಡ್ಡಿದ ಕಥೆಯಿಂದ. ಕೊನೆಗೆ ಬೇರೊಬ್ಬ ದೊಡ್ಡವರು, ಅದೂ ಒಳ್ಳೆಯದಕ್ಕೆಂದೇ, ಗಿಡದ ರಸವನ್ನು ಸೀಸೆಯಲ್ಲಿ ತುಂಬಿ ಕೊಡುತ್ತಾರೆ. ಮೊದಲ ಸಲ ಮೂರು ತುಂಬದ ಮಗು ಸಿಟ್ಟಾದರೂ ಮಾಡಿತು. ಎರಡನೆಯ ಸಲ ಹದಿನಾಲ್ಕು ತುಂಬದ ಹುಡುಗಿ ಕಣ್ಣು ಮುಚ್ಚಿ ಕುಡಿಯುತ್ತಾಳೆ.

ಬೆಳಗಿನ ಜಾವ ಕೂಗಿದ್ದು ಭಾರದ್ವಾಜ ಪಕ್ಷಿಯಲ್ಲ, ದಾಳಿಂಬೆ ಮರದ ಮೇಲೆ ರಾತ್ರಿಯೆಲ್ಲ ಹಾಡುವ ನೈಟಿಂಗೇಲ್ ಎಂದು ಅವಳು ರೋಮಿಯೋನನ್ನು ತಡೆಯುವ ದೃಶ್ಯವಿದೆಯಲ್ಲ, ಅಲ್ಲಿ ನಮ್ಮ ರೋಮಿಯೋ ಪ್ರತಿ ಸಲವೂ ನಿಜವಾಗಿ ಕಿಟಕಿಯಾಚೆ ನೋಡುತ್ತಿದ್ದ. ಅವನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಬಳಿಯ ಹುಡುಗ, ದಾಳಿಂಬೆ ತೋಟದ ಮನೆಯವನು. ದುಂಡಾಣು ಅಂಗಮಾರಿ ಬಿದ್ದು ಕಾಯಿ ಸೀಳಿ ಕಪ್ಪಾಗಿ, ಅವರಪ್ಪ ಎಕರೆಗಟ್ಟಲೆ ಗಿಡ ಕೀಳಿಸಿ ಬೆಂಕಿಯಿಟ್ಟದ್ದನ್ನು ಅವನು ಚಿಕ್ಕಂದಿನಲ್ಲಿ ಕಂಡಿದ್ದನಂತೆ. ದಾಳಿಂಬೆಯನ್ನು ಗ್ರೀಕರ ಪಾತಾಳದ ಕಥೆಗೆ ಜೋಡಿಸಿ ಸಾವಿನ ಹಣ್ಣು ಎಂದು ಅರ್ಥ ಹೇಳುವವರಿದ್ದಾರೆ. ಆ ಅರ್ಥವನ್ನು ಅವನಿಗೆ ಹೇಳಿಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಇಷ್ಟೆಲ್ಲ ಬರೆದು ಬಳ್ಳಾರಿ ಜಾಲಿಯನ್ನು ಬಿಟ್ಟರೆ ಊರಿಗೆ ಅನ್ಯಾಯ. ಕಾಲುವೆ ದಂಡೆಯಲ್ಲಿ, ಗಣಿಯ ಕೆಂಪು ಧೂಳಿನಲ್ಲಿ, ಪಾಳು ಹೊಲದಲ್ಲಿ ಎಲ್ಲೆಲ್ಲೂ ಅದೇ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ನಮ್ಮದಲ್ಲ, ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ವಿಜ್ಞಾನದ ಹೆಸರು ಜೂಲಿಫ್ಲೋರಾ. ಈ ‘ಜೂಲಿ’ಗೂ ಜೂಲಿಯೆಟ್‌ಗೂ ಸಂಬಂಧವಿಲ್ಲ, ಬಾಲದಂತೆ ಜೋತುಬೀಳುವ ಹೂಗೊಂಚಲಿಗೆ ಲ್ಯಾಟಿನ್ನಿನಲ್ಲಿರುವ ಪದ ಅದು. ಆದರೆ ತರಗತಿಯಲ್ಲಿ ಈ ಹೆಸರು ಹೇಳಿದಾಗ ಹಿಂದಿನ ಬೆಂಚಿನಿಂದ ನಗು ಬಂದೇ ಬರುತ್ತದೆ. ಹೆಸರಿನಲ್ಲೇನಿದೆ, ಗುಲಾಬಿಯನ್ನು ಬೇರೆ ಹೆಸರಿಂದ ಕರೆದರೂ ಪರಿಮಳ ಅದೇ ಅಲ್ಲವೇ ಎಂದು ಕೇಳಿದ ಜೂಲಿಯೆಟ್‌ಳನ್ನು ಒಂದು ದಿನ ಬಳ್ಳಾರಿಯಲ್ಲಿ ಓಡಾಡಿಸಬೇಕಿತ್ತು. ಹೆಸರಿನಲ್ಲಿ ಅಡ್ಡಹೆಸರಿದೆ, ಓಣಿಯಿದೆ, ಹಣೆಯ ಮೇಲಿನದೂ ಕೊರಳಿನದೂ ಇದೆ. ಜಾಲಿಯ ಮುಳ್ಳು ಚುಚ್ಚಿದರೆ ವಾರಗಟ್ಟಲೆ ಕೀವು. ಅದರ ಕೆಳಗೆ ಬೇರೆ ಗಿಡ ಏಳುವುದು ಕಷ್ಟ. ಅದೇ ಜಾಲಿಯ ಸೌದೆಯಿಂದ ಎಷ್ಟು ಮನೆಗಳ ರೊಟ್ಟಿ ಬೆಂದಿಲ್ಲ, ಅದರ ಕಾಯಿ ತಿಂದು ಎಷ್ಟು ಕುರಿ ಬೇಸಿಗೆ ದಾಟಿಲ್ಲ? ಒಂದು ಕಾಯಿಗೊಂಚಲು ಮುರಿದು ಬುಟ್ಟಿಗೆ ಹಾಕಿದೆ.

ಗಿಡಗಳ ಗೊಡವೆ ಇಷ್ಟು ಸಾಕು. ತಾಲೀಮಿನಲ್ಲಿ ನಿಜವಾದ ಜಗಳ ನಡೆದದ್ದು ಬುಟ್ಟಿ ಹಿಡಿದವನ ಬಗ್ಗೆ.

ಪ್ರತಿ ವರ್ಷ ಮೊದಲ ತರಗತಿಯಲ್ಲಿ ನಾನು ಒಂದು ಸುಭಾಷಿತ ಹೇಳುವುದುಂಟು: ‘ಅಮಂತ್ರಮಕ್ಷರಂ ನಾಸ್ತಿ ನಾಸ್ತಿ ಮೂಲಮನೌಷಧಮ್, ಅಯೋಗ್ಯಃ ಪುರುಷೋ ನಾಸ್ತಿ ಯೋಜಕಸ್ತತ್ರ ದುರ್ಲಭಃ.’ ಮಂತ್ರವಾಗದ ಅಕ್ಷರವಿಲ್ಲ, ಔಷಧವಾಗದ ಬೇರಿಲ್ಲ, ಕೆಲಸಕ್ಕೆ ಬಾರದ ಮನುಷ್ಯನಿಲ್ಲ. ಹೊಂದಿಸಿ ಬಳಸುವ ಯೋಜಕನೇ ಅಪರೂಪ. ಲಾರೆನ್ಸನ ಪಾತ್ರ ಕೈಗೆ ಬಂದಾಗ ಇವನೇ ಆ ಯೋಜಕ ಎಂದುಕೊಂಡೆ. ರೋಮಿಯೋ ಬಂದು ಮದುವೆ ಮಾಡಿಸಿ ಎಂದಾಗ, ನಿನ್ನೆಯವರೆಗೆ ರೋಸಲಿನ್ ಎಂದು ಅಳುತ್ತಿದ್ದೆಯಲ್ಲ ಎಂದು ಚೆನ್ನಾಗಿ ಗದರುತ್ತಾನೆ. ಆದರೂ ಒಪ್ಪುತ್ತಾನೆ. ಯಾಕೆ? ಈ ಹುಡುಗನ ಪ್ರೀತಿಯ ಮೇಲೆ ನಂಬಿಕೆ ಬಂದಿದ್ದಕ್ಕಲ್ಲ. ಈ ಸಂಬಂಧದಿಂದ ಎರಡು ಮನೆತನಗಳ ದ್ವೇಷ ಪ್ರೀತಿಯಾಗಿ ತಿರುಗೀತು ಎಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಹತ್ತು ತಾಲೀಮು ಮುಗಿಯುವವರೆಗೆ ನಾನು ಈ ಸಾಲನ್ನು ಪ್ರಸನ್ನ ಮುಖದಿಂದ ಹೇಳುತ್ತಿದ್ದೆ. ಹನ್ನೊಂದನೆಯ ಸಲ ಬುಟ್ಟಿಯನ್ನು ಎಡಗೈಯಿಂದ ಬಲಗೈಗೆ ಬದಲಿಸುವಾಗ ಹೊಳೆಯಿತು: ಈ ಮುದುಕ ಇಬ್ಬರು ಮಕ್ಕಳನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾನೆ. ಅವರ ಊರಾದ ವೆರೋನಾ ಎಂಬ ರೋಗಿಗೆ ಇವರಿಬ್ಬರನ್ನು ಅರೆದು ಕೊಡಲು ಹೊರಟಿದ್ದಾನೆ. ಸುಭಾಷಿತದಲ್ಲಿ ಬೇರೂ ಮನುಷ್ಯನೂ ಒಂದೇ ಸಾಲಿನಲ್ಲಿ ಕೂತಿರುವುದನ್ನು ಇಷ್ಟು ವರ್ಷ ಮೆಚ್ಚುತ್ತ ಬಂದವನು ಅಂದು ಮೊದಲ ಸಲ ಅದಕ್ಕೆ ಹೆದರಿದೆ. ತನ್ನನ್ನು ಬಳಸುತ್ತಿದ್ದಾರೆ ಎಂಬುದು ಬೇರಿಗೆ ತಿಳಿಯುವುದಿಲ್ಲ.

ನಿರ್ದೇಶಕರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಪ್ರಕಾರ ಲಾರೆನ್ಸ್ ಹೇಡಿ, ಅಷ್ಟೇ. “ಜೂಲಿಯೆಟ್‌ಗೆ ಪ್ಯಾರಿಸ್ ಎಂಬವನ ಜೊತೆ ಮದುವೆ ಗೊತ್ತಾದಾಗ, ಇವಳ ಮದುವೆ ಆಗಲೇ ಆಗಿದೆ, ಮಾಡಿಸಿದವನು ನಾನೇ ಎಂದು ಒಂದು ವಾಕ್ಯ ಹೇಳಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲು ಎದೆ ಬೇಕಲ್ಲ ಸರ್” ಎಂದರು. ವಾಕ್ಯ ಹೇಳಲಿಲ್ಲ ಎಂಬುದು ನಿಜ. ಆದರೆ ಹೇಡಿ ಇಷ್ಟು ಸಾಹಸದ ಉಪಾಯ ಹೂಡುವುದಿಲ್ಲ. 42 ಗಂಟೆ ಸತ್ತಂತೆ ಮಲಗಿಸುವ ಪಾನೀಯ ತನ್ನ ಕೈಯಲ್ಲಿದೆ ಎಂಬುದೇ ಅವನನ್ನು ಕೆಡಿಸಿತು ಎಂಬುದು ನನ್ನ ವಾದ. ಗಿಡ ಬಲ್ಲವನು ಎಲ್ಲ ಕಷ್ಟಕ್ಕೂ ಗಿಡದ ಕಡೆಗೇ ಕೈ ಚಾಚುತ್ತಾನೆ. ನನ್ನ ಹೆಂಡತಿಗೆ ಜ್ವರ ಬಂದಾಗ ನಾನು ವೈದ್ಯರಿಗೆ ಫೋನ್ ಮಾಡದೆ ಅಮೃತಬಳ್ಳಿ ಹುಡುಕಲು ಹೋಗಿ ಬೈಸಿಕೊಂಡದ್ದು ಇನ್ನೂ ಹಳೆಯ ಮಾತಾಗಿಲ್ಲ.

ಪಾನೀಯದ ಲೆಕ್ಕದಲ್ಲಿ ಅವನು ಒಂದು ಗಂಟೆಯೂ ತಪ್ಪಲಿಲ್ಲ, ಗಮನಿಸಿ. ಅವಳು ಸರಿಯಾದ ಹೊತ್ತಿಗೇ ಏಳುತ್ತಾಳೆ. ತಪ್ಪಿದ್ದೆಲ್ಲ ಮನುಷ್ಯರ ಲೆಕ್ಕ. ಬುಧವಾರ ರಾತ್ರಿ ಕುಡಿ ಎಂದು ಅವನು ಹೇಳಿದ್ದ. ಮಗಳು ಒಪ್ಪಿದಳೆಂಬ ಸಂತೋಷಕ್ಕೆ ಅಪ್ಪ ಮದುವೆಯನ್ನು ಒಂದು ದಿನ ಹಿಂದಕ್ಕೆ ಎಳೆದುಕೊಂಡ, ಅವಳು ಮಂಗಳವಾರವೇ ಕುಡಿದಳು. ಹುಡುಗಿಯ ಮನೆಯವರು ಒಮ್ಮೆ ‘ಹೂಂ’ ಸಿಕ್ಕ ಮೇಲೆ ಮುಹೂರ್ತವನ್ನು ಮುಂದೂಡುತ್ತಾರೆಯೇ? ಇದನ್ನು ಬಳ್ಳಾರಿಯ ಯಾವ ಅಜ್ಜಿಯಾದರೂ ಹೇಳುತ್ತಿದ್ದಳು. ಇನ್ನು ಈ ಉಪಾಯವನ್ನು ರೋಮಿಯೋಗೆ ತಿಳಿಸಬೇಕಿದ್ದ ಪತ್ರ. ನಿನ್ನ ಆಳಿನ ಕೈಯಲ್ಲೇ ಆಗಾಗ ಸುದ್ದಿ ಕಳಿಸುತ್ತೇನೆ ಎಂದು, ಗಡೀಪಾರಾಗಿ ಮಾಂಟುವಾ ಊರಿಗೆ ಹೊರಟ ರೋಮಿಯೋಗೆ ಮಾತು ಕೊಟ್ಟವನು, ಆ ಹೊತ್ತು ಬಂದಾಗ ಆಳನ್ನು ಬಿಟ್ಟು ತನ್ನ ಮಠದ ಜಾನ್ ಎಂಬ ಸನ್ಯಾಸಿಯನ್ನು ಕಳಿಸುತ್ತಾನೆ. ಜಾನ್ ಪ್ಲೇಗ್ ಶಂಕೆಯ ಮನೆಯಲ್ಲಿ ಸಿಕ್ಕಿಬಿದ್ದು ಊರು ದಾಟಲಾರ. 2020ರಲ್ಲಿ ಓಣಿಗೆ ಅಡ್ಡಗಟ್ಟಿದ ಬೊಂಬುಗಳನ್ನು ಕಂಡ ನಮ್ಮ ಪ್ರೇಕ್ಷಕರಿಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿರಲಿಲ್ಲ. ಇತ್ತ ಏನೂ ತಿಳಿಯದ ಆ ಆಳು ಸತ್ತಳೆಂಬ ಸುಳ್ಳು ಸುದ್ದಿಯನ್ನು ಹೊತ್ತು ಕುದುರೆ ಓಡಿಸಿ ಮಾಂಟುವಾ ತಲುಪಿಯೇಬಿಡುತ್ತಾನೆ.

ಆರ್ಥರ್ ಬ್ರೂಕ್ ಎಂಬಾತ 1562ರಲ್ಲಿ ಇದೇ ಕಥೆಯನ್ನು ಕಾವ್ಯ ಮಾಡಿದ್ದ. ಅದರಲ್ಲಿ ತಿಂಗಳುಗಟ್ಟಲೆ ನಡೆಯುವುದನ್ನು ಶೇಕ್ಸ್‌ಪಿಯರ್ ಐದು ದಿನದೊಳಗೆ ಹಿಂಡಿದ. ಬ್ರೂಕನ ಕಥೆಯಲ್ಲಿ ವಿಷ ಮಾರಿದ ಬಡ ಔಷಧಿ ವ್ಯಾಪಾರಿಯನ್ನು ಗಲ್ಲಿಗೇರಿಸುತ್ತಾರೆ, ಸನ್ಯಾಸಿಗೆ ಬಿಡುಗಡೆ. ನಾಟಕದಲ್ಲಿ ಅರಸ ಯಾರಿಗೆ ಶಿಕ್ಷೆ, ಯಾರಿಗೆ ಕ್ಷಮೆ ಎಂದು ಬಿಡಿಸಿ ಹೇಳುವುದಿಲ್ಲ; ಆದರೆ ಲಾರೆನ್ಸನನ್ನು ನೋಡಿ, ನೀವು ಪುಣ್ಯವಂತರೆಂದೇ ನಾವು ತಿಳಿದವರು ಎನ್ನುತ್ತಾನೆ. ದೊಡ್ಡವರ ತಪ್ಪು ಎಲ್ಲೆಡೆಯೂ ಹೀಗೆಯೇ ಕರಗುತ್ತದೆ ಎಂದು ನಿರ್ದೇಶಕರು ಗೊಣಗಿದರು. ಆ ವಿಷಯದಲ್ಲಿ ನಮಗಿಬ್ಬರಿಗೂ ಜಗಳವಿರಲಿಲ್ಲ.

ಈ ಜಗಳದಲ್ಲಿ ನಾನು ಇಷ್ಟೊಂದು ಏರುದನಿಯಲ್ಲಿ ಮಾತನಾಡಲು ಕಾರಣವಿದೆ. ಹನ್ನೆರಡು ವರ್ಷದ ಹಿಂದೆ ದ್ವಿತೀಯ ವರ್ಷದ ಹುಡುಗಿಯೊಬ್ಬಳು ಪ್ರಯೋಗಾಲಯದ ಅವಧಿ ಮುಗಿದ ಮೇಲೂ ಹೋಗದೆ ನಿಂತಿದ್ದಳು. ಗಾಜಿನ ಪಟ್ಟಿಗಳನ್ನು ತೊಳೆದದ್ದನ್ನೇ ತೊಳೆಯುತ್ತಿದ್ದಳು. ಕೊನೆಗೆ, “ಸರ್, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ನನಗೆ ಬೇರೆ ಒಬ್ಬರು ಇದ್ದಾರೆ. ನಮ್ಮವರಲ್ಲ. ಮನೆಯಲ್ಲಿ ಹೇಳಲೋ ಬೇಡವೋ?” ಎಂದಳು. ನಾನು ಪುಸ್ತಕ ಮುಚ್ಚಿ ಬಹಳ ಗಂಭೀರವಾಗಿ, “ಅವಸರ ಮಾಡಬೇಡ ತಾಯಿ. ಪರೀಕ್ಷೆಗೆ ನಲವತ್ತು ದಿನ ಇದೆ. ಅದು ಮುಗಿಯಲಿ, ಆಮೇಲೆ ಕೂತು ಮಾತನಾಡೋಣ” ಎಂದೆ. ಅಂದು ಮನೆಗೆ ಹೋಗುವಾಗ ಒಳ್ಳೆಯ ಮೇಷ್ಟ್ರು ಎನ್ನಿಸಿಕೊಂಡ ಹೆಮ್ಮೆ ಇತ್ತು. ಹದಿನೈದು ದಿನದ ನಂತರ ಹಾಜರಾತಿ ಕರೆಯುವಾಗ ಅವಳ ಹೆಸರಿಗೆ ಉತ್ತರ ಬರಲಿಲ್ಲ. ರಾಯಚೂರಿನ ಕಡೆಗೆ ಕೊಟ್ಟರು ಎಂದು ಪಕ್ಕದ ಹುಡುಗಿ ಹೇಳಿದಳು. ಯಾರೂ ವಿಷ ಕುಡಿಯಲಿಲ್ಲ, ಯಾರೂ ಕತ್ತಿ ಹಿರಿಯಲಿಲ್ಲ. ಪತ್ರಿಕೆಯ ಒಳಪುಟಕ್ಕೂ ಬಾರದ ಸಂಗತಿ. ಅವಳಿಗೆ ಹದಿನೆಂಟು ತುಂಬಿತ್ತೇ ಎಂಬುದನ್ನು ನಾನು ನೋಡಿರಲಿಲ್ಲ. ದಾಖಲಾತಿ ಪುಸ್ತಕ ನನ್ನ ಬೀರುವಿನಲ್ಲೇ ಇತ್ತು.

ಲಾರೆನ್ಸ್ ಕೂಡ ‘ಅರಿತು ನಡೆ, ಮೆಲ್ಲಗೆ ನಡೆ, ಓಡುವವನೇ ಎಡವುವವನು’ ಎಂದು ರೋಮಿಯೋಗೆ ಹೇಳುತ್ತಾನೆ. ಹೇಳಿದವನೇ ಆ ಮಧ್ಯಾಹ್ನ ಮದುವೆ ಮಾಡಿಸುತ್ತಾನೆ ಎಂದು ತಾಲೀಮಿನಲ್ಲಿ ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಆ ಸಾಲು ಬಂದಾಗಲೆಲ್ಲ ಗಂಟಲು ಕಟ್ಟುತ್ತಿತ್ತು. ಅವನ ‘ಮೆಲ್ಲಗೆ’ ಸುಳ್ಳಾಗಿತ್ತು, ನನ್ನದು ನಿಜವಾಗಿತ್ತು.

ಪ್ರದರ್ಶನ ನಡೆದದ್ದು ರಾಘವ ಕಲಾಮಂದಿರದಲ್ಲಿ. ಬಳ್ಳಾರಿ ರಾಘವ (1880–1946) ವಕೀಲರಾಗಿದ್ದುಕೊಂಡೇ ದೇಶದ ದೊಡ್ಡ ನಟರಲ್ಲಿ ಒಬ್ಬರಾದವರು. ಅವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು (1853–1912) ಇದೇ ಊರಿನಲ್ಲಿ ಸರಸ ವಿನೋದಿನಿ ಸಭೆ ಕಟ್ಟಿ, ತೆಲುಗಿನ ಮೊದಲ ದುರಂತ ನಾಟಕ ಎಂದು ಹೆಸರಾದ ‘ವಿಷಾದ ಸಾರಂಗಧರ’ ಬರೆದರು. ಮಂಗಳ ಹಾಡಿಯೇ ಮನೆಗೆ ಕಳಿಸಬೇಕು ಎನ್ನುತ್ತಿದ್ದ ಕಾಲದಲ್ಲಿ ಪ್ರೇಕ್ಷಕರನ್ನು ಅಳುತ್ತ ಮನೆಗೆ ಕಳಿಸಿದ ಊರು ನಮ್ಮದು. ಸಾರಂಗಧರನ ಜನಪ್ರಿಯ ಕಥೆಯಲ್ಲಿ ಸಿದ್ಧನೊಬ್ಬ ಬಂದು ಕತ್ತರಿಸಿದ ಕೈಕಾಲುಗಳನ್ನು ಮರಳಿಸುತ್ತಾನೆ. ಹೊತ್ತಿಗೆ ಸರಿಯಾಗಿ ಬರುವ ಸಿದ್ಧ! ಲಾರೆನ್ಸ್ ಗೋರಿಗೆ ಬಂದಾಗ, ಒಳಗೆ ಹೋದವನು ಹೋಗಿ ಎಷ್ಟು ಹೊತ್ತಾಯಿತು ಎಂದು ಆಳನ್ನು ಕೇಳುತ್ತಾನೆ. ಪೂರಾ ಅರ್ಧ ಗಂಟೆ ಎಂಬ ಉತ್ತರ ಬರುತ್ತದೆ.

ಆ ಪ್ರವೇಶದಲ್ಲಿ ಅವನು ಓಡುತ್ತ ಬರುತ್ತಾನೆ. ಕತ್ತಲಲ್ಲಿ ನನ್ನ ಮುದಿ ಕಾಲುಗಳು ಗೋರಿಗಳಿಗೆ ಎಷ್ಟು ಸಲ ಎಡವಿದವೋ ಎನ್ನುತ್ತಾನೆ. ಎರಡನೆಯ ಅಂಕದ ಬುದ್ಧಿವಾದವನ್ನು ಕವಿ ಐದನೆಯ ಅಂಕದಲ್ಲಿ ಅವನ ಕಾಲಿಗೇ ಕಟ್ಟಿದ್ದಾನೆ. ನಾನು ಎಡವುವಂತೆ ನಟಿಸಬೇಕಿತ್ತು, ಆದರೆ ಮೆಟ್ಟಿಲಿನ ಹಲಗೆ ಸರಿದು ನಿಜವಾಗಿಯೇ ಬಿದ್ದೆ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಏಳಲು ತಡಮಾಡಿದ್ದಕ್ಕೆ ನಗು ನಿಂತಿತು. ಜೂಲಿಯೆಟ್ ಎದ್ದು, ನನ್ನ ಒಡೆಯ ಎಲ್ಲಿ ಎಂದು ಕೇಳುವಾಗ, ಬಾ, ನಿನ್ನನ್ನು ಸನ್ಯಾಸಿನಿಯರ ಮಠಕ್ಕೆ ಸೇರಿಸುತ್ತೇನೆ ಎಂದು ಹೇಳಿ, ಕಾವಲಿನವರ ಸದ್ದಿಗೆ ಹೆದರಿ, ಅವಳೊಬ್ಬಳನ್ನೇ ಬಿಟ್ಟು ಹೊರಗೆ ನಡೆದೆ. ನಿರ್ದೇಶಕರು ಆ ನಿರ್ಗಮನಕ್ಕೆ ಎಂಟು ಹೆಜ್ಜೆ ಎಂದು ಗೆರೆ ಎಳೆದಿದ್ದರು. ಅಷ್ಟು ಉದ್ದದ ಎಂಟು ಹೆಜ್ಜೆಯನ್ನು ನಾನು ಹಿಂದೆಂದೂ ನಡೆದಿರಲಿಲ್ಲ. ಆಮೇಲೆ ಚುಟುಕಾಗಿ ಹೇಳುತ್ತೇನೆ ಎಂದು ಆರಂಭಿಸಿ 40 ಸಾಲು ಹೇಳುವ ಅವನ ನಿವೇದನೆ. ನಮ್ಮ ದೊಡ್ಡಾಟದ ಸಾರಥಿಗೂ ಅಷ್ಟು ತಾಳ್ಮೆ ಬೇಕಾಗುವುದಿಲ್ಲ. ಅರ್ಧಕ್ಕರ್ಧ ಕತ್ತರಿಸಿದ್ದೆವು, ಆದರೂ ಕೊನೆಯ ಸಾಲಿನಲ್ಲಿ ಒಂದು ಮಗು ಬಾಯಿ ತೆರೆದು ಆಕಳಿಸಿದ್ದು ಬೆಳಕಿನಲ್ಲಿ ಕಂಡಿತು.

ಮುಗಿದಾಗ ಹತ್ತೂವರೆ. ಬಣ್ಣ ಒರೆಸಿಕೊಂಡು, ಬುಟ್ಟಿಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಮನೆಗೆ ಬಂದೆ. ಓಣಿಯ ಕೊನೆಯಲ್ಲಿ ಸುರಿದುಬಿಡೋಣ ಎಂದರೆ ಎದುರಮನೆಯ ಆಡುಗಳು ಕಂಬದ ಕೆಳಗೆ ಮಲಗಿದ್ದವು. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಕಣಗಿಲೆ ಮುಟ್ಟಿದ ಆಡು ಬದುಕುವುದಿಲ್ಲ. ಬೀದಿದೀಪದ ಬೆಳಕಿನಲ್ಲಿ ಕೂತು ಒಂದೊಂದೇ ತೆಗೆದೆ. ತುಂಬೆ ಬಾಡಿ ಬತ್ತಿಯಾಗಿತ್ತು. ಎಕ್ಕ ಕಿತ್ತಾಗಿನಂತೆಯೇ ಇತ್ತು. ಜಾಲಿಯ ಕಾಯಿ, ಉಮ್ಮತ್ತಿ ಇದ್ದವು. ಕಣಗಿಲೆ ನಾಲ್ಕೇ ಕೊಂಬೆ.

ಬುಟ್ಟಿ ತಲೆಕೆಳಗು ಮಾಡಿದೆ. ಚೀಲ ನೋಡಿದೆ, ನಿಲುವಂಗಿಯ ಜೇಬು ನೋಡಿದೆ. ಬಣ್ಣದ ಕೋಣೆಯಲ್ಲಿ ಸಣ್ಣ ಮಕ್ಕಳಿದ್ದವು. ಹಾಲು ಸೋರುವ ಕೊಂಬೆಯನ್ನು ಬಾಯಿಗಿಟ್ಟುಕೊಳ್ಳುವ ವಯಸ್ಸಿನವು. ನಿರ್ದೇಶಕರಿಗೆ ಫೋನ್ ಮಾಡಿದೆ, ಸ್ಥಗಿತವಾಗಿತ್ತು. ‘ಕಣಗಿಲೆ ಒಂದು ಕೊಂಬೆ ಕಾಣುತ್ತಿಲ್ಲ, ವಿಷ, ಮಕ್ಕಳು ಮುಟ್ಟದಂತೆ ನೋಡಿ’ ಎಂದು ತಂಡದ ಗುಂಪಿಗೆ ಸಂದೇಶ ಹಾಕಿದೆ. ಎಲ್ಲರೂ ದಣಿದು ಮಲಗಿದ್ದರೇನೋ, ಒಬ್ಬರೂ ನೋಡಲಿಲ್ಲ. ಒಂದು ಗಂಟೆಗೆ ನೋಡಿದೆ, ಎರಡಕ್ಕೆ ನೋಡಿದೆ. ದಾದಿಯ ಪಾತ್ರದ ಹೆಣ್ಣುಮಗಳಿಗೆ ಎರಡು ವರ್ಷದ ಕೂಸಿತ್ತು. ಅವರ ಹೆಸರಿನ ಮುಂದಿನ ಗೆರೆ ಒಂದೇ ಉಳಿದಿತ್ತು.

ಬೆಳಗ್ಗೆ ಆರಕ್ಕೆ ಕಲಾಮಂದಿರದ ಬಾಗಿಲು ತಟ್ಟಿದೆ. ಕಾವಲಿನವರು ಕಣ್ಣುಜ್ಜುತ್ತ ಬೀಗ ತೆಗೆದರು. ಏನು ಕಳೆದಿದೆ ಎಂದು ಕೇಳಿದರು. ಹೂವು ಎಂದೆ. ಅವರು ನನ್ನನ್ನು ಒಂದು ಸಲ ಮೇಲಿನಿಂದ ಕೆಳಗೆ ನೋಡಿ ದೀಪ ಹಾಕಿದರು.

ರಂಗದ ಎಡಮೂಲೆಯಲ್ಲಿ, ರಂಗಪೂಜೆಗೆ ಇಟ್ಟಿದ್ದ ನಟರಾಜನ ಮುಂದೆ, ಆರಿದ ಹಣತೆಯ ಪಕ್ಕದಲ್ಲಿ ಅದು ಇತ್ತು. ಹೂವು ಸಾಲದೆ ಬಂದಾಗ ಯಾರೋ ಬುಟ್ಟಿಯಿಂದ ತೆಗೆದು ಏರಿಸಿದ್ದರು.